ಗ್ರೀಕ್ ತಾತನಿಗೊಂದು ಎಲೆ

ಸಾಂಬ್ರಾಣಿ ಹೊಗೆಗೆ ಬೀಡಿ ಹೊಗೆ ಬೆರೆತರೆ ಒಂದು ವಾಸನೆ ಬರುತ್ತದೆ. ನಮ್ಮ ಕಡೆ ಅದು ವರ್ಷಕ್ಕೊಮ್ಮೆ, ಪಿತೃಪಕ್ಷದಲ್ಲಿ ಮಾತ್ರ ಬರುವ ವಾಸನೆ. ಈ ಸಲ ಚನ್ನಪಟ್ಟಣದ ನಮ್ಮ ಪಕ್ಕದ ಮನೆಯವರು ತೀರಿಕೊಂಡ ಯಜಮಾನರಿಗೆ ಎಡೆ ಇಟ್ಟು, ಅವರು ಸೇದುತ್ತಿದ್ದ ಬೀಡಿಯನ್ನೇ ಹಚ್ಚಿ ಎಲೆಯ ಪಕ್ಕ ಇಟ್ಟಿದ್ದರು. ಆ ಹೊಗೆ ಕಿಟಕಿಯಿಂದ ನನ್ನ ಅಡುಗೆಮನೆಗೆ ನುಗ್ಗಿತು. ಮಸಾಲೆ ರುಬ್ಬುತ್ತಿದ್ದವಳು ಮಿಕ್ಸಿ ನಿಲ್ಲಿಸಿ ನಿಂತೆ. ಮುಖ ಬಿಸಿಯಾಯಿತು. ಇಷ್ಟು ವರ್ಷವಾದ ಮೇಲೂ ನಾಚಿಕೆಗೆ ಮುಖ ಬಿಸಿಯಾಗುತ್ತದೆ ಎಂದರೆ...

ನೆನಪಾದದ್ದು ನಮ್ಮ ಭಾವ, ನನ್ನ ಗಂಡನ ಅಣ್ಣ. ಅವರು ಬೀಡಿ ಸೇದಿದವರಲ್ಲ. ಆದರೂ ವರ್ಷಕ್ಕೊಂದು ದಿನ, ಹಿರಿಯರ ಹಬ್ಬದಂದು, ಕೆಮ್ಮಿಕೊಂಡು ಒಂದು ಬೀಡಿ ಹಚ್ಚಿ, ಎಂದೋ ಸತ್ತ ಒಬ್ಬ ಪರದೇಶದವರ ಎಲೆಯ ಪಕ್ಕ ಇಡುತ್ತಿದ್ದರು.

ನಾನು ಸೊಸೆಯಾಗಿ ಹೋದ ಊರು ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ, ಬಂಡೆಗಳ ನಡುವೆ ಇತ್ತು. ಭಾವ ರಾಮನಗರದ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟರು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಮರ್ತೋಯ್ತು ಕಣಪ್ಪ" ಎನ್ನುತ್ತಿದ್ದರು. ನಾನು ಹೋದ ಹೊಸದರಲ್ಲಿ ಅವರ ಕ್ಲಾಸಿನಲ್ಲಿ ಒಂದೆರಡು ಬೆಂಚು ತುಂಬುವಷ್ಟಾದರೂ ಹುಡುಗರಿದ್ದರು. ಆಮೇಲೆ ಬಿಡದಿ ಕಡೆಯಿಂದ ಒಂದರ ಹಿಂದೆ ಒಂದು ಫ್ಯಾಕ್ಟರಿ ಎದ್ದವು, ಹುಡುಗರೆಲ್ಲ ಐಟಿಐ, ಡಿಪ್ಲೊಮಾ ಎಂದು ಓಡಿದರು. ತತ್ವಶಾಸ್ತ್ರ ಓದಿದವನಿಗೆ ಯಾವ ಮೆಷಿನ್ ಕೊಡುತ್ತಾರೆ? ಕೊನೆಗೆ ಆ ವಿಷಯ ತೆಗೆದುಕೊಳ್ಳುವವರೇ ಇಲ್ಲದೆ, ಭಾವನನ್ನು ಲೈಬ್ರರಿ ನೋಡಿಕೊಳ್ಳುವುದಕ್ಕೂ ಪರೀಕ್ಷೆಯ ಕೊಠಡಿ ಕಾಯುವುದಕ್ಕೂ ಹಾಕಿದರು. ಅವರಿಗೆ ಅದರಿಂದ ಬೇಜಾರಾದಂತೆ ಕಾಣಲಿಲ್ಲ. ಅವರಿಗೆ ಬೇರೆ ಕೆಲಸವಿತ್ತು.

ಗ್ರೀಸ್ ದೇಶದ ಒಬ್ಬ ಲೇಖಕರ ಬದುಕು ಬರಹವನ್ನು ಅವರು ಕನ್ನಡದಲ್ಲಿ ಬರೆಯುತ್ತಿದ್ದರು. ಆ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಹೊರಳಲಿಲ್ಲ. ನನ್ನ ಮಕ್ಕಳು 'ಗ್ರೀಕ್ ತಾತ' ಎಂದು ಕರೆದರು, ಮನೆಯಲ್ಲಿ ಅದೇ ಉಳಿಯಿತು. ಸಂಜೆ ಕಾಲೇಜಿನಿಂದ ಬಂದು ಕೈಕಾಲು ತೊಳೆದರೆ ಭಾವ ನೇರ ಹುಳುಮನೆಗೆ ಬರುತ್ತಿದ್ದರು. ನಮ್ಮದು ರೇಷ್ಮೆ ಸಾಕುವ ಮನೆ. ನಾನು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೋ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಲೋ ಇರುತ್ತಿದ್ದೆ. ಅವರು ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಆವತ್ತು ಬರೆದದ್ದನ್ನು ಓದುತ್ತಿದ್ದರು. ನನ್ನ ಕೆಲಸ ಹೂಂಗುಟ್ಟುವುದು.

ಆ ಗ್ರೀಕ್ ತಾತ ಹುಟ್ಟಿದ್ದು ಸಮುದ್ರದ ನಡುವಿನ ಒಂದು ದ್ವೀಪದಲ್ಲಂತೆ. ನಮ್ಮ ರಾಮನಗರದ ಹಾಗೆ ಅಲ್ಲೂ ಬರೀ ಕಲ್ಲು. ಅಪ್ಪ ಎಣ್ಣೆ ವ್ಯಾಪಾರಿ, ಮಾತು ಕಮ್ಮಿ, ಕೋಪ ಜಾಸ್ತಿ. ಮಗ ದೊಡ್ಡ ದೊಡ್ಡ ಊರುಗಳಿಗೆ ಹೋಗಿ ತತ್ವಶಾಸ್ತ್ರ ಓದಿ, ಸನ್ಯಾಸಿಗಳ ಜೊತೆ ಕೆಲವು ಕಾಲ ಇದ್ದು, ಅಲ್ಲೂ ನಿಲ್ಲದೆ ದೇಶ ದೇಶ ಅಲೆದವರು. ಬರೆಯುವಾಗ ಪಂಡಿತರ ಭಾಷೆ ಬಿಟ್ಟು ಮೀನು ಹಿಡಿಯುವವರ, ಕುರಿ ಕಾಯುವವರ ಮಾತಿನಲ್ಲಿ ಬರೆದರು. ಪಂಡಿತರು ಮೂಗು ಮುರಿದರು. ದೇವರನ್ನು ಸುಮ್ಮನೆ ನಂಬದೆ ದೇವರ ಜೊತೆ ಜಗಳ ತೆಗೆದರು ಎಂದು ಅಲ್ಲಿನ ಪಾದ್ರಿಗಳು ಸಿಟ್ಟಾದರು. ಬದುಕೆಂದರೆ ಬೆಟ್ಟ ಹತ್ತುವುದು, ತುದಿಯಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಹತ್ತಬೇಕು ಎನ್ನುವುದು ಅವರ ವಿಚಾರ. ಅದನ್ನು ಓದಿದ ದಿನ ನಾನು ಹೂಂಗುಟ್ಟುವುದನ್ನು ನಿಲ್ಲಿಸಿ ಕೇಳಿದ್ದೆ.

"ತುದೀಲಿ ಏನೂ ಇಲ್ದಿದ್ರೆ ಯಾಕೆ ಹತ್ಬೇಕು ಭಾವ? ನಾನು ಕಬ್ಬಾಳಿಗೆ ಹೋದ್ರೆ ಕೆಳಗೇ ಅಮ್ಮನ್ನ ನೋಡ್ಕಂಡು ಬಂದ್ಬುಡ್ತೀನಿ. ಬೆಟ್ಟದ ತಂಟೆಗೇ ಹೋಗಲ್ಲ."

ಭಾವ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಕಾಗದದ ಅಂಚಿನಲ್ಲಿ ಏನೋ ಗೀಚಿಕೊಂಡರು. ನಾನು ಕೇಳುತ್ತಿದ್ದೇನೆ ಎಂದು ಅವರಿಗೆ ಖುಷಿಯಾಗಿತ್ತು. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹುಳು ಪೊರೆ ಬಿಡಲು ಎರಡನೇ ಜ್ವರಕ್ಕೆ ಕೂತಿದೆಯೇ, ಸೊಪ್ಪು ಸಾಲುತ್ತದೆಯೇ, ಮಗನಿಗೆ ಶೀತವಾಗಿದೆಯಲ್ಲ ಎನ್ನುವುದು. ಹೂಂ ಎನ್ನುವುದಕ್ಕೆ ಕಿವಿ ಬೇಕಿಲ್ಲ, ಬಾಯಿ ಸಾಕು.

ಗ್ರೀಕ್ ತಾತ ಸತ್ತ ಭಾಗವನ್ನು ಭಾವ ಬರೆದು ಮುಗಿಸಿದ್ದು ಒಂದು ಪಿತೃಪಕ್ಷದ ಹೊತ್ತಿಗೆ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಬ್ಬದ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಒಂದು ಎಲೆ ಜಾಸ್ತಿ ಹಾಕ್ತೀಯೇನಮ್ಮ?" ಎಂದರು.

"ಯಾರಿಗೆ ಭಾವ?"

"ಅವ್ರಿಗೆ. ಪಾದ್ರಿಗಳು ಮಣ್ಣಿಗೆ ಬರ್ಲಿಲ್ಲ ಕಣಮ್ಮ. ಮಕ್ಕಳೂ ಇಲ್ಲ. ಯಾರು ಇಕ್ತಾರೆ ಅವ್ರಿಗೆ?"

ಎಡೆ ಇಡುವುದೆಂದರೆ ಸತ್ತವರಿಗೆ ಇಷ್ಟವಾದದ್ದನ್ನು ಅಟ್ಟು ಇಡಬೇಕು. ಮಾವನಿಗೆ ಬೋಟಿ ಗೊಜ್ಜು, ಅತ್ತೆಗೆ ಕಜ್ಜಾಯ. ನಾನು ಕೇಳಿದ್ದು ಒಂದೇ ಮಾತು, ಅವ್ರಿಗೆ ಏನಿಷ್ಟ ಎಂದು. ಭಾವನಿಗೆ ಅದೂ ಗೊತ್ತಿತ್ತು. ಕೆಂಡದ ಮೇಲೆ ಸುಟ್ಟ ಮೀನಿಗೆ ನಿಂಬೆಹಣ್ಣು ಹಿಂಡಿ ತಿನ್ನುತ್ತಿದ್ದರಂತೆ. ಜೊತೆಗೆ ಉಪ್ಪುನೀರಲ್ಲಿ ನೆನೆಸಿದ ಆಲಿವ್ ಕಾಯಿ. ಆಲಿವ್ ನಮಗೆಲ್ಲಿ ಸಿಗಬೇಕು, ನೆಲ್ಲಿಕಾಯಿ ಇಟ್ಟೆ. ಮಂಚನಬೆಲೆ ಡ್ಯಾಮಿನ ಮೀನು ತರಿಸಿದೆ. ತಾತ ಪೈಪ್ ಸೇದುತ್ತಿದ್ದರು ಎಂದು ಭಾವ ಬೀಡಿ ಹಚ್ಚಿದರು. ರಾಮನಗರದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದ ಫೋಟೋ ಮಾವನ ಪಕ್ಕಕ್ಕೆ ಬಂತು. ಬೋಳು ತಲೆ, ದಪ್ಪ ಮೀಸೆ, ಕೋಟು. ಅಗಲವಾದ ಹಣೆಗೆ ವಿಭೂತಿ ಬಳಿದದ್ದು ನಾನೇ. ನನ್ನ ಗಂಡ ಒಂದು ಸಲ ಗೊಣಗಿ ಸುಮ್ಮನಾದರು. ನೆಂಟರಿಗೆ "ಅಣ್ಣನ ಗುರುಗಳು" ಎಂದು ಹೇಳಿ ದಾಟಿಸುತ್ತಿದ್ದೆವು. ಹೀಗೆ ಎಷ್ಟೋ ವರ್ಷ ನಡೆಯಿತು.

ಆಮೇಲೆ ನಮ್ಮೂರಿನ ಮೇಲೂ ಒಂದು ಕಂಪನಿಯ ಕಣ್ಣು ಬಿತ್ತು. ಜಮೀನು ಕೊಡಬೇಕು ಎನ್ನುವವರು, ಪ್ರಾಣ ಹೋದರೂ ಕೊಡಬಾರದು ಎನ್ನುವವರು ಎಂದು ಊರು ಎರಡಾಯಿತು. ಅಣ್ಣತಮ್ಮಂದಿರು ಒಂದೇ ಅಂಗಡಿಯಲ್ಲಿ ಬೇರೆ ಬೇರೆ ಹೊತ್ತಿಗೆ ಟೀ ಕುಡಿಯತೊಡಗಿದರು. ಬಂದ ನೋಟಿಸುಗಳನ್ನು ಜನರಿಗೆ ಓದಿ ಹೇಳುತ್ತಿದ್ದವರು ಭಾವ. ನಮ್ಮ ಮನೆ ಕೊಡುವುದಿಲ್ಲ ಎಂದೂ ಅವರೇ ಹೇಳಿದ್ದರು. ಆ ದಿನಗಳಲ್ಲಿ ಕಂಪನಿ ಕಡೆಯ ಒಬ್ಬ ಬಿಳಿ ಮನುಷ್ಯ ದೊಡ್ಡ ಕಾರಿನಲ್ಲಿ ಬಂದು ಹೊಲದ ಅಂಚಿನಲ್ಲಿ ನಿಂತು ಕೈ ತೋರಿಸಿ ಮಾತಾಡಿಕೊಂಡು ಹೋಗುತ್ತಿದ್ದ. ಯಾವ ದೇಶದವನೋ. ಅವನಿಗೂ ಬೋಳು ತಲೆ, ದಪ್ಪ ಮೀಸೆ.

ಆ ವರ್ಷದ ಹಬ್ಬಕ್ಕೆ ಕನಕಪುರ ಕಡೆಯಿಂದ ನನ್ನ ಗಂಡನ ಸೋದರತ್ತೆ ಬಂದರು. ಹಿಂದಿನ ವರ್ಷಗಳಲ್ಲೂ ಬಂದವರೇ. ಆದರೆ ಆಗ ಕಣ್ಣಿಗೆ ಪೊರೆ ಬಂದು ಎಲ್ಲ ಮಬ್ಬು, ಗ್ರೀಕ್ ತಾತನನ್ನು ತಮ್ಮ ಚಿಕ್ಕಪ್ಪ ಎಂದುಕೊಂಡು ಪ್ರತಿವರ್ಷ ಕಣ್ಣೀರು ಹಾಕಿ ಹೋಗುತ್ತಿದ್ದರು. ಈ ಸಲ ಪೊರೆ ತೆಗೆಸಿಕೊಂಡು ಹೊಸ ಕಣ್ಣಲ್ಲಿ ಬಂದಿದ್ದರು. ಕೈಮುಗಿಯಲು ಬಗ್ಗಿದವರು ಹಾಗೇ ನಿಂತರು.

"ಏನ್ಲಾ ಇದು? ಇವ್ನ ನೆನ್ನೆ ತಾನೆ ರೋಡಲ್ಲಿ ನೋಡಿವ್ನಿ. ಕಾರಿಂದ ಇಳೀತಿದ್ದ. ಬದುಕಿರೋನಿಗೆ ಎಡೆ ಇಕ್ಕಿದ್ದೀಯಲ್ಲೋ."

ಭಾವ ನಗುತ್ತಲೇ ಹೇಳಿದರು. "ಅತ್ತೆ, ಇವ್ರು ತೀರ್ಕಂಡು ಕಾಲ ಆಗೈತೆ. ಇವ್ರೇ ಬೇರೆ, ಅವ್ನೇ ಬೇರೆ."

"ನನ್ ಕಣ್ಣು ಈಗ ಚೆನ್ನಾಗೈತೆ ಕಣಪ್ಪ" ಎಂದು ಅತ್ತೆ ಮುಖ ಬಿಗಿದುಕೊಂಡು ಊಟಕ್ಕೆ ಕೂತರು. ಊಟ ಚೆನ್ನಾಗಿಯೇ ಮಾಡಿದರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾ ಕೂತಾಗ ಸಿಕ್ಕವರಿಗೆಲ್ಲ ಹೇಳಿ ಹೋದರು. ಬದುಕಿರುವವನ ಫೋಟೋವನ್ನು ಸತ್ತವರ ಸಾಲಿನಲ್ಲಿ ಇಟ್ಟು ಎಡೆ ಹಾಕಿದರೆ ಅವನ ಆಯಸ್ಸು ಮುಗಿಯುತ್ತದೆ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇನು ಗ್ರಹಚಾರವೋ, ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಆ ಬಿಳಿಯನಿಗೆ ಕಾಮಾಲೆ ಆಗಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿ ಬಂತು.

ಮಾರನೆಯ ದಿನ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಜಮೀನು ಕೊಡಬಾರದು ಎನ್ನುತ್ತಿದ್ದವರೆಲ್ಲ ಬಂದಿದ್ದರು. ಯಾರೋ ಒಂದು ಹುಂಜವನ್ನೂ ತಂದು ಕಂಬಕ್ಕೆ ಕಟ್ಟಿದ್ದರು. ಊರಿಗೆ ಹಿರಿಯರಾದ ದೊಡ್ಡಯ್ಯ ಮುಂದೆ ಕೂತಿದ್ದರು. "ಮೇಷ್ಟ್ರೆ, ಒಳಗಿರೋ ಆ ಫೋಟೋ ಯಾರ್ದು ಅಂತ ಒಸಿ ಹೇಳಿ" ಎಂದರು.

ಭಾವನ ಮುಖವನ್ನು ನಾನು ಬಾಗಿಲ ಹಿಂದಿನಿಂದ ನೋಡಿದೆ. ಅಷ್ಟು ಹೊಳೆದದ್ದನ್ನು ಮೊದಲು ನೋಡಿರಲಿಲ್ಲ. ಕಾಲೇಜಿನಲ್ಲಿ ಯಾರೂ ಕೇಳದ, ಮನೆಯಲ್ಲಿ ತಮ್ಮನೂ ಕೇಳದ ಪ್ರಶ್ನೆಯನ್ನು ಊರೇ ಬಂದು ಕೇಳುತ್ತಿತ್ತು. ಒಂದು ತಪ್ಪು ಕಲ್ಪನೆಯನ್ನು ಹೋಗಲಾಡಿಸಿದಂತೆಯೂ ಆಯಿತು, ತಾತನ ಕಥೆ ಹೇಳಿದಂತೆಯೂ ಆಯಿತು ಎಂದುಕೊಂಡಿರಬೇಕು. ಒಳಗೆ ಹೋಗಿ ಫೋಟೋ ತಂದು ಜಗಲಿಯ ಗೋಡೆಗೆ ಒರಗಿಸಿ ಶುರು ಮಾಡಿದರು.

ಒಂದು ಗಂಟೆಗೂ ಮೇಲೆ ಹೇಳಿದರು. ದ್ವೀಪ, ಕಲ್ಲು, ಎಣ್ಣೆ ವ್ಯಾಪಾರದ ಅಪ್ಪ, ಸನ್ಯಾಸಿಗಳ ಮಠ, ಬರೆದ ಪುಸ್ತಕಗಳು, ಅವುಗಳಲ್ಲಿ ಬರುವ ಮೀನುಗಾರರು, ಪಾದ್ರಿಗಳ ಸಿಟ್ಟು. ಎಂಥ ಚೆಂದ ಹೇಳಿದರು ಎಂದರೆ, ನನಗೂ ಆವತ್ತೇ ಮೊದಲು ಕೇಳಿದ ಹಾಗಾಯಿತು. ಒಬ್ಬರೂ ಕೆಮ್ಮಲಿಲ್ಲ. ಕೆಲವರು ಕೈಮುಗಿದುಕೊಂಡೇ ಕೂತಿದ್ದರು. ಎಡೆ ಮುಂದೆ ಹೇಳಬೇಕಾದ ಮಂತ್ರವೋ ಕಥೆಯೋ ಇದೇ ಇರಬೇಕು ಎಂದು ಅವರು ಕೇಳುತ್ತಿದ್ದಾರೆ ಎನ್ನುವುದು ನನಗೆ ಅರ್ಥವಾಗತೊಡಗಿತ್ತು. ಭಾವನಿಗೆ ಆಗಿರಲಿಲ್ಲ.

ಮುಗಿದ ಮೇಲೆ ದೊಡ್ಡಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು. "ಎಲ್ಲಾ ಸರಿ ಮೇಷ್ಟ್ರೆ. ಇವ್ನು ಯಾವಾಗ ಹೋಯ್ತಾನೆ?"

"ಯಾರು?"

"ಇವ್ನೇ."

ಭಾವ ನಿಧಾನವಾಗಿ ಹೇಳಿದರು. "ಹೋಗಿ ಐವತ್ತು ವರ್ಷದ ಹತ್ರ ಆಯ್ತು ದೊಡ್ಡಯ್ಯ. ಇಷ್ಟೊತ್ತು ಅದನ್ನೇ ಅಲ್ವ ಹೇಳಿದ್ದು?"

"ಅಂದ್ರೆ ನಿಮ್ ಲೆಕ್ಕದಲ್ಲಿ ಸತ್ತಾಯ್ತು ಅನ್ನಿ" ಎಂದು ದೊಡ್ಡಯ್ಯ ಹಿಂದಿದ್ದವರ ಕಡೆ ತಿರುಗಿ ತಲೆಯಾಡಿಸಿದರು. ಅವರೂ ತಲೆಯಾಡಿಸಿದರು.

ಆಗ ಭಾವ ನನ್ನ ಕಡೆ ತಿರುಗಿದರು. ಬಾಗಿಲ ಹಿಂದೆ ಇದ್ದವಳನ್ನು ಕರೆದು, "ನೀನಾದ್ರೂ ಹೇಳಮ್ಮ ಇವ್ರಿಗೆ. ಮನೇಲಿ ಇಷ್ಟು ವರ್ಷದಿಂದ ಕೇಳ್ತಿರೋಳು ನೀನೊಬ್ಳೆ. ಇವ್ರು ಯಾರು, ಏನು ಮಾಡಿದ್ರು, ನಿನ್ ಮಾತಲ್ಲೇ ಹೇಳು. ನೀನು ಹೇಳಿದ್ರೆ ನಂಬ್ತಾರೆ" ಎಂದರು.

ಸೆರಗು ಸರಿ ಮಾಡಿಕೊಂಡು ಹೊರಗೆ ಬಂದೆ. ಊರಿನ ಗಂಡಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರ ಹೆಸರು ಹೇಳೋಣ ಎಂದರೆ ಬಾಯಿಗೆ ಬರಲಿಲ್ಲ. ಬರೆದ ಒಂದು ಪುಸ್ತಕದ ಹೆಸರು ಹೇಳೋಣ ಎಂದರೆ ಅದೂ ಇಲ್ಲ. ಬೆಟ್ಟ, ದೇವರ ಜೊತೆಗಿನ ಜಗಳ, ಈಗ ತಾನೇ ಭಾವ ಅಷ್ಟು ಹೊತ್ತು ಹೇಳಿದ್ದು, ಯಾವುದೂ... ಭಾವ ಕಾಯುತ್ತಿದ್ದರು. ಎಷ್ಟು ನಂಬಿಕೆಯಿಂದ ಕಾಯುತ್ತಿದ್ದರು ಎಂದು ನೆನೆದರೆ ಈಗಲೂ ಎಲ್ಲಾದರೂ ಓಡಿಹೋಗಬೇಕು ಎನಿಸುತ್ತದೆ.

"ಅವ್ರಿಗೆ ಮೀನು ಇಷ್ಟ" ಎಂದೆ. "ಸುಟ್ಟ ಮೀನು. ನಿಂಬೆಹಣ್ಣು ಹಿಂಡಿ."

"ನಿಂಬೆಹಣ್ಣೂ ಐತೆ" ಎಂದರು ದೊಡ್ಡಯ್ಯ.

ಜಗಲಿಯ ತುಂಬಾ ಒಂದು ಗುಸುಗುಸು ಎದ್ದಿತು. ಫೋಟೋ, ವಿಭೂತಿ, ಹಸಿ ಮೀನು ಸುಟ್ಟದ್ದು, ಅದಕ್ಕೆ ನಿಂಬೆಹಣ್ಣು. ಮಾಟಕ್ಕೆ ಇನ್ನೇನು ಬೇಕು? ಭಾವ ಒಂದು ಗಂಟೆ ಹೇಳಿ ಕಟ್ಟಿದ್ದನ್ನು ನಾನು ಎರಡು ಮಾತಿನಲ್ಲಿ ಕೆಡವಿದೆ. ಜನ ಒಬ್ಬೊಬ್ಬರೇ ಎದ್ದು ಫೋಟೋಗೆ ಕೈಮುಗಿಯದೆ, ದೂರದಿಂದ ಸುತ್ತಿಕೊಂಡು ಇಳಿದು ಹೋದರು. ಹುಂಜವನ್ನು ಅಲ್ಲೇ ಬಿಟ್ಟು ಹೋದರು.

ಆ ಸಂಜೆ ಭಾವ ಹುಳುಮನೆ ಬಾಗಿಲಿಗೆ ಬಂದರು, ಸ್ಟೂಲ್ ಹಾಕಿಕೊಳ್ಳಲಿಲ್ಲ. "ಮೀನು ಚೆನ್ನಾಗಿ ನೆನಪಿಟ್ಕಂಡಿದ್ದೀಯಮ್ಮ" ಎಂದು ಹೇಳಿ ನಕ್ಕರು. ಅದರಲ್ಲಿ ಸಿಟ್ಟು ಇರಲಿಲ್ಲ. ಬೈದಿದ್ದರೆ ಒಂದು ಸಲ ಅತ್ತು ಮುಗಿಸುತ್ತಿದ್ದೆ.

ಆ ಬಿಳಿ ಮನುಷ್ಯ ಗುಣವಾಗಿ ತನ್ನ ದೇಶಕ್ಕೆ ಹೋದ, ಮತ್ತೆ ಬರಲಿಲ್ಲ. ಊರು ಅದನ್ನು ಭಾವನ ಲೆಕ್ಕಕ್ಕೆ ಬರೆಯಿತು. ಅವರಿಗೆ 'ಎಡೆ ಮೇಷ್ಟ್ರು' ಎಂದು ಹೆಸರು ಬಿತ್ತು. ಜಮೀನು ಕೊಡಬೇಕು ಎನ್ನುತ್ತಿದ್ದವರು ನಮ್ಮ ಮನೆಯ ಮುಂದೆ ಉಗಿದು ಹೋಗುತ್ತಿದ್ದರು. ಇದು ಹೇಗಾದರೂ ಇರಲಿ ಎನ್ನಬಹುದಿತ್ತು, ಆದರೆ ತಿಪ್ಪಸಂದ್ರದ ಕಡೆಯಿಂದಲೂ ಜನ ಹುಡುಕಿಕೊಂಡು ಬರತೊಡಗಿದರು. ಕಂಕುಳಲ್ಲಿ ಪೇಪರ್ ಸುತ್ತಿದ ಫೋಟೋ. ದಾಯಾದಿಯದು, ಓಡಿಹೋದ ಗಂಡನದು, ಒಬ್ಬಳು ಹೆಣ್ಣುಮಗಳು ತನ್ನ ಅತ್ತೆಯದನ್ನೇ ತಂದಿದ್ದಳು. ಭಾವ ಹಿಂಬಾಗಿಲಿನಿಂದ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಅವರನ್ನೆಲ್ಲ ಬೈದು ಕಳಿಸುವುದು ನನ್ನ ಪಾಲಿಗೆ ಬಂತು. ನಾನು ಬೈದಷ್ಟೂ, ಮೇಷ್ಟ್ರು ದೊಡ್ಡವರು, ಸುಮ್ಮನೆ ಒಪ್ಪುವುದಿಲ್ಲ ಎಂದು ನಂಬಿಕೆ ಜಾಸ್ತಿಯಾಯಿತು. ಕಾಲೇಜಿನಲ್ಲಿ ಹುಡುಗರು ಅವರ ಮೇಜಿನ ಮೇಲೆ ನಿಂಬೆಹಣ್ಣು ಇಟ್ಟರಂತೆ. ಇದನ್ನು ಅವರು ಹೇಳಲಿಲ್ಲ, ನನ್ನ ಗಂಡನಿಗೆ ರೇಷ್ಮೆ ಮಾರುಕಟ್ಟೆಯಲ್ಲಿ ಯಾರೋ ನಗುತ್ತಾ ಹೇಳಿದರು. ಎಲ್ಲವನ್ನೂ ಪ್ರಶ್ನೆ ಮಾಡು ಎಂದು ಕಲಿಸಿದ ಮನುಷ್ಯ ಮಾಟಗಾರನೆಂದು ಹೆಸರು ಪಡೆದು ತಲೆತಗ್ಗಿಸಿಕೊಂಡು ಬಸ್ಸಿನಲ್ಲಿ ಓಡಾಡಿದರು. ಆ ತಲೆಯನ್ನು ತಗ್ಗಿಸಿದ್ದರಲ್ಲಿ ನನ್ನ ಪಾಲು ಎಷ್ಟು ಎಂದು ನನಗೆ ಗೊತ್ತಿತ್ತು.

ಮುಂದಿನ ಪಿತೃಪಕ್ಷಕ್ಕೆ ನಾನು ಮೀನು ತರಿಸಲೇ ಎಂದು ಕೇಳಿದಾಗ ಭಾವ ಬೇಡ ಎಂದು ಕೈಯಾಡಿಸಿದರು. ಫೋಟೋ ಗೋಡೆಯಿಂದ ಇಳಿದು ಎಲ್ಲಿಗೆ ಹೋಯಿತೋ, ಕೇಳುವ ಧೈರ್ಯ ನನಗಿರಲಿಲ್ಲ.

ಅದಾದ ಮೇಲಿನ ಬೆಳೆಗೆ ಮರಿಹುಳು ತಂದಿದ್ದೆವು. ತಟ್ಟೆಗೆ ಹಾಸಲು ಹಳೆಯ ಪೇಪರು ಸಾಲದೆ ನಾನು ಗೊಣಗುತ್ತಿದ್ದೆ. ಭಾವ ತಮ್ಮ ಕೋಣೆಗೆ ಹೋಗಿ ಒಂದು ಕಂತೆ ತಂದು ಮುಂದಿಟ್ಟರು. ಎಲ್ಲಾ ಅವರ ಕೈಬರಹ.

"ಭಾವ, ಇದು ಗ್ರೀಕ್ ತಾತಂದು."

"ಹಾಸು ಪರ್ವಾಗಿಲ್ಲ. ಹುಳಕ್ಕೆ ಓದಕ್ಕೆ ಬರಲ್ಲ, ತಪ್ಪು ತಿಳ್ಕಳಲ್ಲ."

ಬೇಡ ಎಂದೆ. ಇನ್ನೊಂದು ಸಲ ಬೇಡ ಎಂದೆ. ಅವರು ತಾವೇ ಬಗ್ಗಿ ಒಂದೊಂದೇ ಹಾಳೆಯನ್ನು ತಟ್ಟೆಗೆ ಅಳತೆ ನೋಡಿ ನೀಟಾಗಿ ಹಾಸಿದರು. ಮರಿಹುಳು ಕಾಯುವುದಿಲ್ಲವಲ್ಲ, ನಾನು ಸೊಪ್ಪು ಹೆಚ್ಚಿ ಉದುರಿಸುತ್ತಾ ಬಂದೆ. ಉದುರಿಸುವಾಗ ಅಲ್ಲಲ್ಲಿ ಸಾಲುಗಳು ಕಣ್ಣಿಗೆ ಬಿದ್ದವು. ಅವರ ಬರಹವನ್ನು ನಾನು ಕಣ್ಣಿಂದ ಓದಿದ್ದು ಅದೇ ಮೊದಲು. ಕಷ್ಟದ ಕನ್ನಡವಿರಬಹುದು ಎಂದುಕೊಂಡಿದ್ದೆ, ನಮ್ಮ ಮನೆಯಲ್ಲಿ ಆಡುವ ಮಾತೇ ಇತ್ತು. ಒಂದು ಹಾಳೆಯಲ್ಲಿ ಕಬ್ಬಾಳಿನ ಬೆಟ್ಟ ಕಂಡಿತು. ಬೆಟ್ಟ ಹತ್ತದೆ ಕೆಳಗೇ ಕೈಮುಗಿದು ಬರುವ ಒಬ್ಬ ಹೆಂಗಸು ಗ್ರೀಕ್ ಲೇಖಕನಿಗೆ ಏನು ಉತ್ತರ ಹೇಳುತ್ತಾಳೆ ಎಂದು ಶುರುವಾಗಿತ್ತು. ಅವಳು ಹೇಳಿದ್ದರಲ್ಲೂ ನ್ಯಾಯವಿದೆ ಎಂದು ಬರೆದಿದ್ದರು. ಮುಂದೆ ಓದುವಷ್ಟರಲ್ಲಿ ನನ್ನ ಕೈಯಿಂದಲೇ ಸೊಪ್ಪು ಅದರ ಮೇಲೆ ಬಿದ್ದಿತ್ತು, ಹುಳು ಹತ್ತಿತ್ತು. ಸರಿಸಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಎರಡು ದಿನಕ್ಕೆ ಹಿಕ್ಕೆಯ ಜೊತೆ ಸುತ್ತಿ ತಿಪ್ಪೆಗೆ ಹಾಕಿದೆ. ಆ ಬೆಳೆ ಚೆನ್ನಾಗಿ ಬಂತು.

ಕಂಪನಿ ಕೊನೆಗೆ ಬಂದೇ ಬಂತು, ಬೇರೆ ಹೆಸರಿನಲ್ಲಿ, ಬೇರೆ ಜನರೊಂದಿಗೆ. ಹೊಲ ಹೋಯಿತು, ಹುಳುಮನೆ ಹೋಯಿತು, ನಾವು ಚನ್ನಪಟ್ಟಣಕ್ಕೆ ಬಂದೆವು. ಭಾವ ನಮ್ಮ ಜೊತೆಗೇ ಇದ್ದರು. ಪೇಪರ್ ಓದುತ್ತಿದ್ದರು, ನನ್ನ ಮಗಳ ಮಗುವನ್ನು ಆಡಿಸುತ್ತಿದ್ದರು, ಗ್ರೀಕ್ ತಾತನ ಮಾತು ಮಾತ್ರ ಮರೆತೂ ಎತ್ತಲಿಲ್ಲ. ಅವರಿಂದ ಕೇಳಿದ್ದೆಲ್ಲ ನನಗೆ ಆಮೇಲೆ ಒಂದೊಂದಾಗಿ ನೆನಪಿಗೆ ಬಂತು, ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ. ಮೇಲೆ ಬರೆದದ್ದು ಹಾಗೆ ಬಂದದ್ದೇ. ನಡುನಡುವೆ ಎಷ್ಟು ತಪ್ಪಿಹೋಗಿದೆಯೋ. ನೆನಪಾಯಿತು ಭಾವ ಎಂದು ಹೇಳೋಣವೆಂದು ಎಷ್ಟೋ ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ, ಕಾಫಿ ಬೇಕಾ ಎಂದು ಕೇಳಿ ಬಂದಿದ್ದೇನೆ. ಒಂದು ದಿನ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದಾಗ ಅವರು ಎದ್ದೇಳಲಿಲ್ಲ.

ಈಗ ಅವರ ಫೋಟೋವೂ ಆ ಸಾಲಿನಲ್ಲಿದೆ. ಮೊದಲೆಲ್ಲ ಎಡೆಯ ಅಡುಗೆ ನಾನೇ ಮಾಡಿ, ನಾನೇ ಇಟ್ಟುಬಿಡುತ್ತಿದ್ದೆ. ಈ ಸಲ ಮಂಡಿ ನೋವೆಂದು ಬಡಿಸುವ ಕೆಲಸ ಸೊಸೆಗೆ ಬಿಟ್ಟೆ. ಅವಳು ಬಂದು ಎರಡು ವರ್ಷವಾಗಿದೆ, ಭಾವನನ್ನು ಕಂಡವಳಲ್ಲ, ಅಚ್ಚುಕಟ್ಟಿನ ಹುಡುಗಿ. ನನ್ನ ಮಾವನ ಎಲೆ, ಅತ್ತೆಯ ಎಲೆ ಮುಗಿಸಿ ಭಾವನ ಎಲೆಯ ಮುಂದೆ ಸೌಟು ಹಿಡಿದು ನಿಂತಳು.

"ಅತ್ತೆ, ದೊಡ್ಡಮಾವಂಗೆ ಏನಿಷ್ಟ?"

ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ನನ್ನ ಕೈಯಲ್ಲಿ ಉಂಡವರು. ಏನು ಹಾಕಿದರೂ ಓದುತ್ತಾ ಉಣ್ಣುತ್ತಿದ್ದರು, ಉಪ್ಪಿಲ್ಲದಿದ್ದರೂ ಉಣ್ಣುತ್ತಿದ್ದರು. ಇದು ಚೆನ್ನಾಗಿದೆ ಎಂದು ಹೇಳಿರಬಹುದು, ಇನ್ನೊಂದು ಚೂರು ಹಾಕು ಎಂದು ಕೇಳಿರಬಹುದು, ಆಗ ನಾನು ಏನು ನೆನೆಸಿಕೊಂಡು ಹೂಂ ಎಂದೆನೋ... ಸೊಸೆ ಕಾಯುತ್ತಿದ್ದಳು.

"ಎಲ್ಲಾದ್ರಲ್ಲೂ ಒಸಿ ಒಸಿ ಇಕ್ಕವ್ವ" ಎಂದೆ. "ಅವ್ರು ಬೇಡ ಅನ್ನಲ್ಲ."

ಅವಳು ಇಟ್ಟಳು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಎಳೆದುಕೊಂಡು ನಾವೆಲ್ಲ ಹೊರಗೆ ನಿಂತೆವು. ಭಾವ ಒಳಗೆ ಕೂತು ಉಂಡರೋ, ಎಲೆ ನೋಡಿ ಹಾಗೇ ಎದ್ದು ಹೋದರೋ, ನನಗೆ ಗೊತ್ತಿಲ್ಲ.